ಹಿನ್ನೀರಿನಲ್ಲೊಂದು ‘ಮಗರ’

ಬೇರೆಯವರ ಮಾತು ತಿದ್ದುವ ಚಟ ನನಗಿದೆ. ಧೈರ್ಯ ಸಾಲದ್ದರಿಂದ ಅದನ್ನು ಹೆಂಡತಿಯ ಮೇಲೆ ಮಾತ್ರ ತೀರಿಸಿಕೊಳ್ಳುತ್ತೇನೆ. ನಮ್ಮ ಸೇಡಂ ಕಡೆ ‘ಆದರೆ’ ಎನ್ನುವವರು ಕಡಿಮೆ. ‘ಮಗರ’ ಎನ್ನುವವರೇ ಹೆಚ್ಚು. ಉರ್ದುವಿನಿಂದ ಬಂದ ಈ ಪದ ರೊಟ್ಟಿಯ ಪಕ್ಕದ ಶೇಂಗಾಹಿಂಡಿಯಷ್ಟೇ ನಮ್ಮದಾಗಿಬಿಟ್ಟಿದೆ. ಆದರೂ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಮಹಾದೇವಿ ‘ಮಗರ’ ಎಂದಾಗಲೆಲ್ಲ ಪೇಪರಿನಿಂದ ತಲೆಯೆತ್ತದೆಯೇ ತಿದ್ದುತ್ತೇನೆ: “ಮಕರ, ಮಗರ ಎಂದರೆ ಮೊಸಳೆ. ಮಾತಿನ ನಡುವೆ ಮೊಸಳೆ ಬಿಡಬೇಡ.” ಅವಳ ಉತ್ತರವೂ ಸಿದ್ಧವಿರುತ್ತದೆ. “ನಿಮ್ಮವ್ವನೂ ಮಗರ ಅಂತಾರ. ಅವರಿಗಿ ತಿದ್ದರಿ ನೋಡಮ್.”

ಕಳೆದ ತಿಂಗಳು ಅವಳ ತಮ್ಮ ಸಿದ್ದು ನಮ್ಮನ್ನು ಚಿಂಚೋಳಿ ಆಚೆಗಿನ ಒಂದು ಹಿನ್ನೀರಿಗೆ ಕರೆದೊಯ್ದ. ಶಹಾಬಾದಿನಲ್ಲಿ ಗ್ಯಾರೇಜ್ ಇಟ್ಟಿರುವ ಅವನು ಹಳೆಯ ಟೆಂಪೋ ಒಂದಕ್ಕೆ ಮಂಚ, ಗ್ಯಾಸ್ ಒಲೆ ಕೂಡಿಸಿ ಕ್ಯಾರವಾನ್ ಮಾಡಿಕೊಂಡಿದ್ದಾನೆ. ನೆಲಕ್ಕೆ ಶಹಾಬಾದ್ ಫರ್ಸಿ! ಏರು ಬಂದಾಗಲೆಲ್ಲ ಗಾಡಿ ಮುದುಕನಂತೆ ಕೆಮ್ಮುತ್ತಿತ್ತು. “ಗಾಡ್ಯಾಗ ಕಲ್ಲು ಯಾಕ ಹಾಕಿದಿಯೋ?” ಎಂದರೆ, “ಮನಿ ಅಂದಮ್ಯಾಲ ಫರ್ಸಿ ಬೇಕಲ್ಲ ಮಾಮಾ. ಶಹಾಬಾದನ್ಯಾಗ ಹುಟ್ಟಿ ಪ್ಲಾಸ್ಟಿಕ್ ಹಾಸ್ಲೇನು?” ಎಂದ. ಬಾಗಿಲಿಗೆ ಅವನ ಮನೆಯ ಹಳೆಯ ಬಚ್ಚಲಿನ ಚಿಲಕ ಬಡಿದಿದ್ದ. ಅದು ತಾನಾಗಿಯೇ ಬೀಳುವಂಥದ್ದು. ಹಾಗೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಈಗ ನನಗೂ ಅರ್ಧ ನಂಬಿಕೆ ಬಂದಿದೆ.

ತೊಗರಿ ಹೊಲದ ಅಂಚಿಗೆ ಗಾಡಿ ನಿಲ್ಲಿಸಿ, ರೊಟ್ಟಿ ಪುಂಡಿಪಲ್ಯ ತಿಂದು ನೀರಿನ ಕಡೆ ನಡೆದೆವು. ದಾರಿಯುದ್ದಕ್ಕೂ ನಾನು ವನ್ಯಜೀವಿಗಳ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತ ಬಂದಿದ್ದರಿಂದ ನನ್ನ ಮೇಲೆ ನನಗೇ ಗೌರವ ಹುಟ್ಟಿತ್ತು. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ಇಷ್ಟನ್ನು ಸರಿಯಾಗಿ ಗುರುತಿಸಿದೆ. ಗೊತ್ತಾಗದ್ದನ್ನೆಲ್ಲ ‘ವಲಸೆ ಹಕ್ಕಿ’ ಎಂದೆ. ಮಹಾದೇವಿ ನಿಜಕ್ಕೂ ಖುಷಿಯಲ್ಲಿದ್ದಳು. ನಡುನೀರಿನ ಜೊಂಡಿನಲ್ಲಿ ನೀಲಿ ಬಣ್ಣದ್ದೇನೋ ಓಡಾಡಿತು. ಹತ್ತಿರ ಹೋಗಿ ನೋಡೋಣ ಎಂದೆ. “ನೀರಂದ್ರ ನಂಗ ಹೆದರಿಕಿ ಅದರಿ,” ಎಂದಳು. “ನಾನಿದ್ದೀನಲ್ಲ,” ಎಂದೆ. ಅವಳು ನನ್ನ ಮುಖ ನೋಡಿ, ಸೀರೆ ಎತ್ತಿಕಟ್ಟಿ, ನನ್ನ ಕೈ ಹಿಡಿದು ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದಳು.

ಆಗ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೂಗಿದಳು: “ಸರ್ರ, ನೀರೇನೋ ಭಾಳ ಛಲೋ ಅದಾವ್ರಿ! ಮಗರ...” ಅಷ್ಟರಲ್ಲಿ ಅವಳ ಎಮ್ಮೆಯೊಂದು ತೊಗರಿಗೆ ನುಗ್ಗಿತು. ಮಾತು ಅಲ್ಲಿಗೇ ಬಿಟ್ಟು ಅದರ ಹಿಂದೆ ಓಡಿದಳು.

ಮಗರ! ಹುಟ್ಟಿದಾಗಿನಿಂದ ಕೇಳಿದ, ನಾನೂ ಮರೆವಿನಲ್ಲಿ ಆಡುವ ಪದ. ಆದರೆ ಆ ಕ್ಷಣ ನನ್ನ ತಲೆಯಲ್ಲಿ ಪುಸ್ತಕ ಮಾತ್ರ ಇತ್ತು. ನೋಡುತ್ತೇನೆ, ಜೊಂಡಿನ ಪಕ್ಕ ನೀರಿನ ಮೇಲೆ ಕಪ್ಪಗೆ ಎರಡು ಮೂಗಿನ ಹೊಳ್ಳೆಗಳು ಉಸಿರಾಡುತ್ತಿವೆ.

ಮುಂದಿನದನ್ನು ನಾನು ಖಚಿತವಾಗಿ ಹೇಳಲಾರೆ. ‘ಓಡು’ ಎಂದು ಕೂಗಿದ ನೆನಪಿದೆ. ಕೂಗಲಿಲ್ಲ ಎನ್ನುತ್ತಾಳೆ ಮಹಾದೇವಿ. ಕೈ ತಾನಾಗಿ ಜಾರಿತೆಂದು ನನ್ನ ನೆನಪು; ಕೊಡವಿಕೊಂಡದ್ದೆಂದು ಅವಳದು. ನಾನು ಗಾಡಿಯೊಳಗಿದ್ದದ್ದು, ಚಿಲಕ ಬಿದ್ದಿದ್ದದ್ದು ಮಾತ್ರ ಇಬ್ಬರೂ ಒಪ್ಪುವ ಸಂಗತಿ. ಹೊರಗಿನಿಂದ ಬಾಗಿಲು ಬಡಿಯುವ ಸದ್ದು. “ಏನ್ರಿ, ಬಾಗಲಾ ತೆಗೀರಿ!” ಆಗ ನಾನು ‘ನಿನಗೇನೂ ಆಗಿಲ್ಲ ತಾನೆ?’ ಎಂದು ಕೇಳಿದೆನೆಂದು ಎಷ್ಟೋ ದಿನ ನಂಬಿದ್ದೆ. ಆದರೆ ಅವಳ ಪಕ್ಕದಲ್ಲೇ ನಿಂತಿದ್ದ ಸಿದ್ದು ಆಣೆ ಮಾಡಿ ಹೇಳುತ್ತಾನೆ, ನಾನು ಕೇಳಿದ್ದು: “ಮೊಸಳಿ ಹೋಯ್ತೇನು?”

ಬಾಗಿಲು ತೆಗೆದಾಗ ಎಮ್ಮೆಯ ಹೆಂಗಸು ಮರಳಿದ್ದಳು. “ಯಾಕ್ರಿ ಸರ್ರ, ಹಂಗ ಓಡಿದ್ರಿ? ನೀರು ಛಲೋ ಅದಾವ, ಮಗರ ಕೆಸರು ಭಾಳ ಅದ ಅಂತ ಹೇಳ್ಲಿಕತ್ತಿದ್ನಿ!” ಅವಳು ‘ಹೋಯ್’ ಎನ್ನುತ್ತಲೇ ಆ ಎರಡು ಹೊಳ್ಳೆಗಳು ನೀರಿನಿಂದ ಎದ್ದು, ಕೊಂಬಿಗೆ ಪಾಚಿ ಸುತ್ತಿಕೊಂಡ ಎಮ್ಮೆಯಾಗಿ ನಮ್ಮತ್ತ ನಡೆದು ಬಂದವು. ಸಿದ್ದು ಫರ್ಸಿಯ ಮೇಲೆ ಹೊರಳಾಡಿ ನಕ್ಕ. “ಮಾಮಾ, ನಿಮ್ಮ ಮೊಸಳಿ ಹಾಲು ಕೊಡ್ತದ ನೋಡ್ರಿ!” ನಾನೂ ನಗಲು ನೋಡಿದೆ. ಮಹಾದೇವಿ ನಗಲಿಲ್ಲ. ಒಂದು ಚಪ್ಪಲಿ ಕೆಸರಿನಲ್ಲೇ ಉಳಿದಿತ್ತು. ಬರಿಗಾಲನ್ನು ತೊಳೆದುಕೊಳ್ಳುತ್ತಿದ್ದಳು. ಎಮ್ಮೆಗೆ ಹೆದರಿದ್ದು ನಗೆಯ ಮಾತು. ‘ನಾನಿದ್ದೀನಲ್ಲ’ ಎಂದವನು ಎಲ್ಲಿದ್ದ ಎನ್ನುವುದು ನಗೆಯ ಮಾತಲ್ಲ ಎಂದು ನನಗೆ ಹೊಳೆದದ್ದು ಆ ಪಾದ ನೋಡಿದಾಗ. ಕ್ಷಮೆ ಕೇಳಲು ಬಾಯಿ ತೆರೆದವನು ಚಿಲಕದ ದೋಷದ ಬಗ್ಗೆ ಮಾತಾಡಿದೆ.

ಆಮೇಲೆ ಅವಳು ಜಗಳ ತೆಗೆದಿಲ್ಲ. ರೊಟ್ಟಿ ಬಿಸಿಯಾಗೇ ಬರುತ್ತಿದೆ. ನಿನ್ನೆ ಸಂಜೆ ಚಹಾ ಇಟ್ಟು, “ನೀವು ಮನಷ್ಯಾರು ಭಾಳ ಛಲೋರಿ, ಮಗರ...” ಎಂದಳು. ಒಲೆಯ ಮೇಲೆ ಹಾಲು ಉಕ್ಕಿತೆಂದು ಒಳಗೆ ಹೋದಳು. ನಾನು ತಿದ್ದಲಿಲ್ಲ. ಆ ವಾಕ್ಯದ ಕೊನೆಗೆ ಮೊಸಳೆಯೇ ಇರಲಪ್ಪಾ ಎಂದು ಬೇಡಿಕೊಳ್ಳುತ್ತ ಚಹಾ ಆರುವವರೆಗೂ ಕೂತಿದ್ದೆ.