ಎರಡು ಪ್ಲೇಯರ್‌ಗಳೂ ಒಂದು ಶ್ರುತಿಯೂ

ಮನೆಯಲ್ಲಿ ನನಗೆ ಯಾವುದನ್ನೂ ನಿರ್ಧರಿಸುವ ಅಧಿಕಾರವಿಲ್ಲ. ಹೋಲಿಸಿ ನೋಡುವ ಅಧಿಕಾರ ಮಾತ್ರ ಇದೆ. ಕುಕ್ಕರಿನಿಂದ ಹಿಡಿದು ಪೊರಕೆಯವರೆಗೆ ಎಲ್ಲವನ್ನೂ ನಾನು ಹೋಲಿಸುತ್ತೇನೆ. ಕೊಳ್ಳುವವಳು ಹೆಂಡತಿ ಸರ್ವಮಂಗಳಾ, ನಾನು ಬೇಡವೆಂದದ್ದನ್ನು. (ಹೋಲಿಸುವಾಗ ಒಂದೇ ಸ್ವರದಲ್ಲಿ ಗುಂಯ್‌ಗುಡುವುದು ನನ್ನ ಅಭ್ಯಾಸ. ಫ್ಯಾನ್ ಕೆಟ್ಟಿತೇನೋ ಎಂದು ಅವಳು ಎಷ್ಟೋ ಸಲ ಮೇಲೆ ನೋಡಿದ್ದಾಳೆ.)

ಈ ಸಲದ ಮಹಾಸಮರಕ್ಕೆ ಕಾರಣ ಜೆ.ಪಿ. ನಗರದಲ್ಲಿ ಅವಳು ಹೋಗುವ ‘ಅಕ್ಕನ ಬಳಗ’. ಶನಿವಾರ ಶನಿವಾರ ಹೆಂಗಸರು ಸೇರಿ ವಚನ ಹಾಡುವ ಕೂಟ. ಮೊನ್ನೆ ಅವಳು ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು, ಕಣ್ಣುಮುಚ್ಚಿ ಹಾಡುತ್ತಿದ್ದಾಗ ಫೋನ್ ರಿಂಗಾಯಿತು. ಸಕ್ಕರೆ ಡಬ್ಬ ಎಲ್ಲಿದೆ ಎಂದು ಕೇಳಲು ನಾನೇ ಮಾಡಿದ್ದು. ಇನ್ನು ಮೊಬೈಲ್ ಸಭಾಂಗಣದೊಳಗೆ ಬರಕೂಡದೆಂದು ಅಧ್ಯಕ್ಷೆ ಕಾತ್ಯಾಯಿನಿ ಆಜ್ಞೆ ಹೊರಡಿಸಿದರು. ವಾರ್ಷಿಕೋತ್ಸವದಲ್ಲಿ ಸರ್ವಮಂಗಳಾ ಮೊದಲ ಬಾರಿಗೆ ಒಬ್ಬಳೇ ಹಾಡುವುದಿತ್ತು. ಹಾಗಾಗಿ ಶ್ರುತಿಗೆಂದು, ಗಂಡಂದಿರ ಕರೆ ಬಾರದ ಮ್ಯೂಸಿಕ್ ಪ್ಲೇಯರ್ ಬೇಕಾಯಿತು.

ಪರೀಕ್ಷಿಸಿ ವಾಪಸ್ ಕೊಡುವ ಮಾತಿನ ಮೇಲೆ ಜಯನಗರದ ಅಂಗಡಿಯಿಂದ ಎರಡು ತಂದೆ. ಬಿಳಿಯದು ಬ್ಲೂಟೂತ್, ವೈಫೈ ಎರಡೂ ಉಳ್ಳ ಸ್ನೇಹಜೀವಿ, ಕಂಪ್ಯೂಟರಿನ ಹಂಗಿಲ್ಲ. ಆದರೆ ಸ್ನೇಹ ತುಸು ಹೆಚ್ಚು. ನಮ್ಮ ಸ್ಪೀಕರನ್ನು ಬಿಟ್ಟು ಮೇಲಿನ ಮನೆಯವರ ಟಿ.ವಿ.ಯನ್ನು ಹೋಗಿ ಸೇರಿಕೊಂಡಿತು. ಕರಿಯದು ಏಕಪತ್ನೀವ್ರತಸ್ಥ. ತಂತಿ ಹಾಕಿದರೆ ಕಂಪ್ಯೂಟರಿನ ಜೊತೆ ಮಾತ್ರ ವ್ಯವಹಾರ, ಅದೂ ತನ್ನದೇ ಸಾಫ್ಟ್‌ವೇರಿನ ಮಧ್ಯಸ್ಥಿಕೆಯಲ್ಲಿ.

"ರೀ, ಇನ್ನೂ ಎಷ್ಟು ದಿನ ಹೋಲಿಸ್ತೀರಾ? ನನಗೆ ಗಂಡು ನೋಡೋವಾಗ ನಮ್ಮಪ್ಪ ಹೋಲಿಸ್ಲೇ ಇಲ್ಲ."

"ಅದಕ್ಕೇ ಹೇಳ್ತಿರೋದು, ಆತುರ ಬೇಡ ಅಂತ."

"ಗೊತ್ತು ಬಿಡಿ. ಆತುರದ ಫಲ ಎದುರಿಗೇ ಕೂತಿದೆಯಲ್ಲ."

ಕರಿಯದನ್ನು ಎತ್ತಿಕೊಂಡು ಹೋಗಿ, ಪುಟ್ಟೇನಹಳ್ಳಿಯ ತನ್ನ ಸಂಗೀತದ ಮೇಷ್ಟ್ರ ಹಾರ್ಮೋನಿಯಂ ಶ್ರುತಿಯನ್ನು ಅದರಲ್ಲೇ ರೆಕಾರ್ಡ್ ಮಾಡಿಕೊಂಡು ಬಂದಳು.

ಉತ್ಸವದ ದಿನ ಅವಳು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ, ಬಾಕಿ ಉಳಿದಿದ್ದ ಸಾಫ್ಟ್‌ವೇರ್ ಪರೀಕ್ಷೆಗೆ ಇಳಿದೆ. ಪ್ಲೇಯರಿಗೂ ಕಂಪ್ಯೂಟರಿಗೂ ವ್ಯತ್ಯಾಸ ಕಂಡುಬಂದಿದೆ, ಪ್ಲೇಯರನ್ನು ಕಂಪ್ಯೂಟರಿಗೆ ಸಮ ಮಾಡಲೇ ಎಂದು ಅದು ಕೇಳಿತು. ಬಸವಣ್ಣನವರ ಹಾದಿಯವರು ನಾವು. ಸಮ ಮಾಡಲೇ ಎಂದು ಯಂತ್ರವೇ ಮುಂದೆ ಬಂದು ಕೇಳುವಾಗ ಬೇಡವೆನ್ನಲು ಮನಸ್ಸಾದರೂ ಹೇಗೆ ಬಂದೀತು? ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ವೇಗಕ್ಕೆ ಪೂರ್ತಿ ಅಂಕ ಕೊಟ್ಟೆ.

ವೇದಿಕೆಯಲ್ಲಿ ಸರ್ವಮಂಗಳಾ ಗುಂಡಿ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ನಮ್ಮ ಕಂಪ್ಯೂಟರಿನಲ್ಲಿ ಹಾಡು, ಶ್ರುತಿ ಒಂದೂ ಇರಲಿಲ್ಲ. ಈಗ ಪ್ಲೇಯರಿನಲ್ಲೂ ಇರಲಿಲ್ಲ. ಪರಿಪೂರ್ಣ ಸಮಾನತೆ. ತುಂಬಿದ ಸಭೆ ಕಾಯುತ್ತಿತ್ತು. ಅವಳು ಮುಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿದಳು. ಮೆಲ್ಲನೆ ವೇದಿಕೆಯ ಪಕ್ಕಕ್ಕೆ ಸರಿದೆ.

"ಏನ್ ಮಾಡಿದ್ರಿ?" ಪಿಸುಗುಟ್ಟಿದಳು.

"ಸಮ ಮಾಡಿದೆ."

"ಹತ್ತಿ ಮೇಲೆ. ನನ್ನ ಹಿಂದೆ ಕೂತ್ಕೊಂಡು ಮನೇಲಿ ಗುಂಯ್ ಅಂತೀರಲ್ಲ, ಅದನ್ನ ಶುರು ಮಾಡಿ."

"ಎಲ್ಲರ ಎದುರಿಗಾ?"

"ಉಸಿರು ಕಟ್ಟಿದ್ರೂ ನಿಲ್ಲಿಸ್ಕೂಡ್ದು."

ಗುಂಯ್‌ಗುಟ್ಟಿದೆ. ಅವಳು ಆ ಸ್ವರವನ್ನು ಹಿಡಿದು ಹಾಡತೊಡಗಿದಳು. ಹಾಡು ಮುಗಿದಾಗ ಸಭೆಯೆಲ್ಲ ಚಪ್ಪಾಳೆ. ಕಾತ್ಯಾಯಿನಿಯವರು ವೇದಿಕೆಗೇ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಂದು ಚೂರೂ ಅಲ್ಲಾಡ್ಲಿಲ್ಲ ಶ್ರುತಿ. ಎಲ್ಲಿ ಸಿಕ್ತು ಇದು?"

"ನಮ್ಮಪ್ಪ ಹುಡುಕಿ ಕೊಟ್ಟಿದ್ದು," ಎಂದಳು ಸರ್ವಮಂಗಳಾ. "ಹೋಲಿಸ್ದೇನೇ."

ಎರಡೂ ಪ್ಲೇಯರ್‌ಗಳು ಅಂಗಡಿಗೆ ವಾಪಸಾದವು. ಈಗ ಪ್ರತಿ ಶನಿವಾರ ಅಕ್ಕನ ಬಳಗದ ಮೂಲೆಯಲ್ಲಿ ನನ್ನ ಆಸನ. ವೈಫೈ ಇಲ್ಲ, ಸಾಫ್ಟ್‌ವೇರ್ ಇಲ್ಲ. ಸರ್ವಮಂಗಳಾ ನನ್ನ ಮಂಡಿ ತಟ್ಟಿದರೆ ಶುರು, ಮತ್ತೆ ತಟ್ಟಿದರೆ ಬಂದ್. ಚಾರ್ಜಿಗೆ ಒಂದು ಲೋಟ ಕಾಫಿ. ಹೋದ ವಾರ ಶ್ರುತಿ ಸ್ವಲ್ಪ ಜೋರಾಯಿತಂತೆ. "ಸೌಂಡ್ ಸ್ವಲ್ಪ ಕಮ್ಮಿ ಮಾಡಿ," ಎಂದರು ಕಾತ್ಯಾಯಿನಿ.

ನನಗಲ್ಲ, ಸರ್ವಮಂಗಳೆಗೆ.