ಶಂಕರಲಿಂಗನ ನೆರಳು ಗಡಿಯಾರ

ಈಗಿನ ಮಕ್ಕಳಿಗೆ ಆಕಾಶದಲ್ಲಿ ಸೂರ್ಯನೆಂಬುವನೊಬ್ಬ ಇದ್ದಾನೆಂಬುದೇ ಗೊತ್ತಿಲ್ಲ ಎಂಬುದು ಶಂಕರಲಿಂಗನ ದೊಡ್ಡ ಸಂಕಟ. ಅದೂ ಶಹಾಬಾದಿನಲ್ಲಿದ್ದುಕೊಂಡು! (ಬೇಸಿಗೆಯಲ್ಲಿ ಇಲ್ಲಿ ಸೂರ್ಯನೇ ಜನರನ್ನು ಹುಡುಕಿಕೊಂಡು ಮನೆಯೊಳಕ್ಕೆ ಬರುತ್ತಾನೆ.) ಆದ್ದರಿಂದ ಒಂದು ಭಾನುವಾರ ಮುಂಜಾನೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಈ ಗುಮಾಸ್ತ ವಿಜ್ಞಾನಿಯ ಅವತಾರ ತಾಳಿ, ಒಂಬತ್ತು ವರ್ಷದ ಮಗಳು ಶರಣ್ಯಾಳ ಕೈಯಿಂದ ತನ್ನ ಮೊಬೈಲ್ ಕಸಿದು, ಅವಳನ್ನು ಅಂಗಳಕ್ಕಿಳಿಸಿದ.

ಅವನ ಬಾಲ್ಯದ ವೇಧಶಾಲೆ ಇನ್ನೂ ಇತ್ತು: ಸಿಮೆಂಟ್ ತುಂಬಿದ ಬಣ್ಣದ ಡಬ್ಬಿ, ನಡುವೆ ನೆಟ್ಟ ಕಬ್ಬಿಣದ ಸರಳು. (ಈಗ ತಾಯಿ ಶಿವಕಾಂತಮ್ಮ ಅದನ್ನು ಬಾಗಿಲು ಗಾಳಿಗೆ ಬಡಿಯದಂತೆ ಒತ್ತಾಗಿಡುತ್ತಾಳೆ.) ಆಗೆಲ್ಲ ಮುಂಜಾನೆ ಸರಳಿನ ಉದ್ದ ನೆರಳು ಗಿಡ್ಡಾಗುತ್ತ ಬಂದು ಅಂಗಳಕ್ಕೆ ಹಾಸಿದ ಎರಡು ಪರಸಿಕಲ್ಲುಗಳ ನಡುವಿನ ಸಂದು ಮುಟ್ಟಿತೆಂದರೆ ಒಂಬತ್ತೂವರೆ, ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಓಟ. ದಿನಾಲೂ ಅವನೇ ಮೊದಲಿಗ. ಬೇವಿನ ಮರದ ಕೆಳಗೆ ಗಿಣಿಗಳ ಜೊತೆ ಹಣ್ಣು ಚೀಪುತ್ತ ಕಾಯಬೇಕಿತ್ತು, ಏಕೆಂದರೆ ಆ ಶಾಲೆಯ ಗಂಟೆ ಸದಾ ಅರ್ಧ ತಾಸು ತಡ. ಇಡೀ ಊರಿನಲ್ಲಿ ಶಿಸ್ತೆಂಬುದು ಇದ್ದದ್ದು ಶಂಕರಲಿಂಗನೊಬ್ಬನಲ್ಲೇ.

ಮಗಳು ಪಂಥ ಕಟ್ಟಿದಳು. ನೆರಳು ಹೊತ್ತು ಸರಿ ಹೇಳಿದರೆ ವಾರವಿಡೀ ಅವಳು ಮೊಬೈಲ್ ಮುಟ್ಟುವಂತಿಲ್ಲ. ತಪ್ಪಿದರೆ ವಾರವಿಡೀ ಅದು ಅವಳದೇ. ಅವನು ಧೈರ್ಯದಿಂದ ಒಪ್ಪಿದ.

"ಪಪ್ಪಾ, ಕಲ್ಲಿನ ಮ್ಯಾಲ ಡಬ್ಬಿದು ತುಕ್ಕಿನ ಕಲೆ ಎರಡವ. ಯಾವುದ್ರ ಮ್ಯಾಲ ಇಡಬೇಕು?"

ಹೌದು, ಎರಡು ದುಂಡು ಕಲೆ, ನಡುವೆ ಒಂದು ಗೇಣು. ವಿಜ್ಞಾನಿ ತಲೆ ಕೆರೆದುಕೊಂಡು, ಮುಂಜಾನೆ ತಾನು ನೋಡುತ್ತಿದ್ದದ್ದು ಸೂರ್ಯನ ಕಡೆಯದ್ದೆಂದು ನೆನಪಿಸಿಕೊಂಡು ಅಲ್ಲೇ ಇಟ್ಟ. ನೆರಳು ಸಂದು ಮುಟ್ಟಿತು. ಒಂಬತ್ತೂವರೆ ಎಂದು ಘೋಷಿಸಿದ. ಮೊಬೈಲಿನಲ್ಲಿ ಒಂಬತ್ತೇ ಆಗಿತ್ತು. ಅವನು ಮೊದಲು ಮೊಬೈಲನ್ನು, ಆಮೇಲೆ ಉಪಗ್ರಹವನ್ನು, ಕಡೆಗೆ ಭೂಮಿಯ ಓರೆಯನ್ನೂ ಬೈದ.

ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದ ಶಿವಕಾಂತಮ್ಮನಿಗೆ ನಗು ತಡೆಯಲಾಗಲಿಲ್ಲ.

"ಭೂಮಿಗ್ಯಾಕ ಬೈಲಿಕತ್ತಿ? ನಾನೇ ದಿನಾ ಮುಂಜಾನಿ ಡಬ್ಬಿ ಒಂದ್ ಗೇಣು ಸೂರ್ಯಾನ ಕಡಿ ಸರಿಸ್ತಿದ್ದೆ. ನಿನಗ ಸಾಲಿಗಿ ಹೊಂಡಸೋದಂದ್ರ ಭಾಳ ರಗಳಿ ಇತ್ತಪ್ಪ. ನನ್ನ ಮಾತು ಕೇಳ್ತಿದ್ದಿಲ್ಲ, ನೆರಳಿನ ಮಾತು ಕೇಳ್ತಿದ್ದಿ."

ಶಂಕರಲಿಂಗನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇವಿನಹಣ್ಣಿನ ರುಚಿ. ಬಾಲ್ಯವೆಂದರೆ ಅವನಿಗೆ ನೆನಪಿದ್ದದ್ದೇ ಆ ಕದ್ದು ಕೊಟ್ಟ ಅರ್ಧ ತಾಸುಗಳು. ಮೊಬೈಲನ್ನು ಮಗಳ ಕೈಗಿಟ್ಟ. ದಿನಾ ಅವನನ್ನು ಕಾರ್ಖಾನೆಯ ಬಸ್ಸಿಗೆ ಹೊರಡಿಸಿ ಸೋತಿದ್ದ ಹೆಂಡತಿ ಉಮಾದೇವಿ ಮಾತ್ರ ಅತ್ತೆಯ ಪಕ್ಕ ಕೂತು, ಗೋಡೆಯ ಗಡಿಯಾರದ ಕಡೆ ನೋಡುತ್ತ ಮೆಲ್ಲಗೆ ಕೇಳಿದಳು:

"ಇದಕ್ಕಾದ್ರ ಎಷ್ಟು ಸರಿಸಬೇಕ್ರಿ, ಅತ್ತಿ?"

ಸೋಮವಾರ ಗೋಡೆಯ ಗಡಿಯಾರ ನೋಡಿದ್ದೇ ಚಹಾ ಅರ್ಧಕ್ಕೆ ಬಿಟ್ಟು ಓಡಿದ, ಮೊಬೈಲಿಲ್ಲದ ಶಂಕರಲಿಂಗ ಬಸ್ ಸ್ಟಾಪಿನ ಬೇವಿನ ಮರದಡಿ ಒಬ್ಬನೇ ನಿಂತಿದ್ದ. ಮೇಲೆ ಗಿಣಿಗಳು ಕೂಗುತ್ತಿದ್ದವು. ಬಸ್ಸು ತಡ. ಈ ಕಾರ್ಖಾನೆಯಲ್ಲೂ ಶಿಸ್ತಿರುವುದು ತನ್ನೊಬ್ಬನಲ್ಲೇ ಎಂದುಕೊಂಡು, ಬಿದ್ದ ಹಣ್ಣೊಂದನ್ನು ಒರೆಸಿ ಬಾಯಿಗೆ ಹಾಕಿಕೊಂಡ.