ಸರಗೂರಿನಲ್ಲಿ ಎಷ್ಟು ಮಿಲಿಮೀಟರ್?

ಹೆಂಡತಿ ತವರಿಗೆ ಹೊರಟ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಏಕಾಂತಯ್ಯನವರಿಗೆ ಈ ಮಿಲಿಮೀಟರುಗಳ ಸಹವಾಸವೇ ಬರುತ್ತಿರಲಿಲ್ಲ.

ಮೈಸೂರಿನ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನ ಉಗ್ರಾಣದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಎಣಿಸಿ, ಎರಡು ಸಾವಿರದ ನಾಲ್ಕರ ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಇನ್ನು ದಿನವಿಡೀ ಹೆಂಡತಿಯ ಕೈಯ ಕಾಫಿ, ಹೆಂಡತಿಯ ಬಾಯಿಯ ಬೈಗುಳ ಎಂದು ಅವರು ಹಾಯಾಗಿ ಕಾಲು ಚಾಚುವಷ್ಟರಲ್ಲಿ, ಸರಗೂರಿನ ಆಚೆ ಮಾದನಹುಂಡಿಯಲ್ಲಿ ಬಾಮೈದ ಮಹದೇವಪ್ರಸಾದನ ಹೆಂಡತಿ ಚಂದ್ರಮತಿ ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಳು. ಹೆಂಡತಿ ಪ್ರೇಮಲೀಲಾ ಬ್ಯಾಗು ತುಂಬಿದರು.

"ಯಾವಾಗ ಬರ್ತೀಯ?" ಬಸ್‌ಸ್ಟ್ಯಾಂಡಿನಲ್ಲಿ ಏಕಾಂತಯ್ಯ ಕೇಳಿದರು.

"ಮಳೆ ಬರ್ಲಿ, ನಾಟಿ ಮುಗೀಲಿ, ಬರ್ತೀನಿ. ಚಂದ್ರಿ ಕಾಲಿಗೆ ಪಟ್ಟಿ ಹಾಕ್ಬುಟ್ಟವ್ರೆ. ನಾಟಿ ಆಳುಗಳಿಗೆ ಬೇಯ್ಸಿ ಹಾಕೋರು ಯಾರ್ರೀ?"

"ನೀನಿಲ್ಲದೆ ಹೇಗಿರಲಿ" ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ನಾಲಗೆ ಮೇಲೆ ಕಾಲಿಟ್ಟಿದ್ದೇ ಅದು ವೇಷ ಬದಲಿಸಿಬಿಟ್ಟಿತು. "ನಿಧಾನಕ್ಕೇ ಬಾರೆ, ನಾನೇನು ಹಾಲು ಕುಡಿಯೋ ಮಗುನಾ?"

ಪ್ರೇಮಲೀಲಾ ಅವರ ಮುಖ ಸಣ್ಣಗಾಯಿತು. (ಆಗಿತ್ತೆಂದು ಏಕಾಂತಯ್ಯನವರಿಗೆ ಹೊಳೆದದ್ದು ಬಸ್ಸು ಹೋದ ಮೇಲೆ.)

ಮೂರನೆಯ ದಿನಕ್ಕೆ ಮನೆ ಬಿಕೋ ಎನ್ನತೊಡಗಿತು. ಸ್ನಾನ ಮಾಡಿ "ಲೇ, ಟವಲ್ಲು" ಎಂದು ಕೂಗಿ, ಉತ್ತರಕ್ಕಾಗಿ ಕಾದು, ಒದ್ದೆ ಮೈಯಲ್ಲೇ ಹೊರಗೆ ಬಂದರು. ಬಾಮೈದನ ಮನೆಯಲ್ಲಿ ಫೋನಿತ್ತು. ಆದರೆ ಮಗುವಲ್ಲದವನು ಮೂರೇ ದಿನಕ್ಕೆ ಫೋನ್ ಮಾಡಿದರೆ ಮರ್ಯಾದೆ ಏನಾಗಬೇಕು? ಆ ಕಡೆಯಿಂದಲೂ ಫೋನ್ ಬರಲಿಲ್ಲ. ಉಳಿದದ್ದು ಒಂದೇ ದಾರಿ. ಮಳೆ ಬಂದರೆ ನಾಟಿ, ನಾಟಿ ಮುಗಿದರೆ ಪ್ರೇಮಾ. ಆದ್ದರಿಂದ ಸರಗೂರಿನ ಮಳೆಯ ಸುದ್ದಿ ತಿಳಿಯಬೇಕು!

ಪೇಪರಿನ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ 'ಮಳೆ ವಿವರ' ಬರುತ್ತದೆಂದು ಅವರಿಗೆ ಗೊತ್ತಾದದ್ದೇ ಆಗ. ದಿನಾ ಬೆಳಿಗ್ಗೆ ಲೈಬ್ರರಿಗೆ ಹೋಗಿ ಇದ್ದಬದ್ದ ಪೇಪರುಗಳನ್ನೆಲ್ಲ ಜಾಲಾಡತೊಡಗಿದರು. ಮೈಸೂರು ಹನ್ನೊಂದು ಮಿ.ಮೀ., ಹುಣಸೂರು ಏಳು, ಸರಗೂರು ಸೇರಿದ ಎಚ್.ಡಿ. ಕೋಟೆ ತಾಲ್ಲೂಕು ಎರಡು. ಎರಡು ಮಿಲಿಮೀಟರ್ ಎಂದರೆ ಎಷ್ಟು? ಮನೆಗೆ ಬಂದು ಸ್ಟೀಲ್ ಸ್ಕೇಲು ಹಿಡಿದು ನೋಡಿದರು. ಹೋಟೆಲಿನ ತೆಳು ದೋಸೆಯಷ್ಟು ದಪ್ಪ. ಅಷ್ಟು ನೀರಿನಲ್ಲಿ ಭತ್ತದ ಪೈರು ಕಾಲು ತೊಳೆದುಕೊಳ್ಳಲೂ ಆಗದು.

ಎದುರುಮನೆಯ ವಸಂತಮ್ಮ ಗೇಟಿನಿಂದಲೇ ಕೇಳಿದರು. "ಏಕಾಂತಯ್ನೋರೆ, ಏನ್ ಅಳೀತಿದೀರ?"

"ಮಳೆ ಕಣಮ್ಮ."

"ಮಳೇನ? ಬಿಸ್ಲು ಹೊಡೀತಾ ಐತಲ್ಲ! ಅಮ್ಮಾವ್ರು ಬೇಗ ಬಂದ್ರೆ ಒಳ್ಳೇದು" ಎಂದು ಅವರು ಗಾಬರಿಯಿಂದ ಒಳಗೆ ಹೋದರು.

ಐದನೆಯ ವಾರ ಬಂತು. ಪೇಪರಿನಲ್ಲಿ ತಾಲ್ಲೂಕಿನ ಲೆಕ್ಕ ಮಾತ್ರ, ಹೋಬಳಿಯದಿಲ್ಲ. ಅಶೋಕಪುರಂನಲ್ಲಿ ಮಳೆ ಸುರಿಯುವಾಗ ಹಿನಕಲ್‌ನಲ್ಲಿ ಧೂಳೆದ್ದಿರುತ್ತದೆ, ಇನ್ನು ಕೋಟೆಯ ಮಳೆ ನಂಬಿ ಸರಗೂರಿನ ಹೆಂಡತಿಯನ್ನು ನಿರೀಕ್ಷಿಸುವುದು ಹೇಗೆ? ಮೀನಮೇಷ ಎಣಿಸಿ, ಮಿ.ಮೀ. ಎಣಿಸಿ ಸಾಕಾಗಿ, ಅವರು ಕೊನೆಗೆ ಮಳೆ ಲೆಕ್ಕವಿಡುವ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದರು.

ಗುಮಾಸ್ತ ಅನಂತಪದ್ಮನಾಭ ಕಡತದಿಂದ ತಲೆಯೆತ್ತಿ ಕೇಳಿದ. "ಸರಗೂರಿನಲ್ಲಿ ಜಮೀನಿದೆಯಾ ಸಾರ್?"

"ಇಲ್ಲ. ಹೆಂಡತಿ ಇದಾಳೆ."

ಅನಂತಪದ್ಮನಾಭನಿಗೆ ಏನನ್ನಿಸಿತೋ, ಗೋಡೆಯ ಮೇಲಿನ ದೊಡ್ಡ ನಕ್ಷೆ ತೋರಿಸಿದ. "ಹಳದಿ ಅಂದ್ರೆ ವಾಡಿಕೆಗಿಂತ ಕಮ್ಮಿ, ಹಸಿರು ಅಂದ್ರೆ ವಾಡಿಕೆಯಷ್ಟು, ನೀಲಿ ಅಂದ್ರೆ ಜಾಸ್ತಿ. ನೋಡ್ತಿರಿ ಸಾರ್, ಸಾಹೇಬ್ರು ಕರೀತಿದಾರೆ" ಎಂದು ಎದ್ದು ಹೋದ.

ಏಕಾಂತಯ್ಯ ಕನ್ನಡಕ ಒರೆಸಿ, ನಕ್ಷೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬೆರಳು ಮೈಸೂರಿನಿಂದ ನಂಜನಗೂಡು ದಾಟಿ ಪಶ್ಚಿಮಕ್ಕೆ ತೆವಳಿ ಸರಗೂರು ಮುಟ್ಟಿತು. ಅದರ ಪಕ್ಕದಲ್ಲೇ ನೀಲಿ! ಎಂಥ ನೀಲಿ! ಹೆಂಡತಿಯ ಧಾರೆ ಸೀರೆಯ ಅಂಚಿನಂಥ ಗಾಢ ನೀಲಿ! ಸರಗೂರಿನಲ್ಲಿ ವರುಣದೇವ ಕೊಡಗಟ್ಟಲೆ ಸುರಿದಿದ್ದಾನೆ! ಗುಮಾಸ್ತ ವಾಪಸು ಬರುವಷ್ಟರಲ್ಲಿ ಏಕಾಂತಯ್ಯ ಬೀದಿಯಲ್ಲಿದ್ದರು.

ಹತ್ತು ದಿನದಲ್ಲಿ ನಾಟಿ ಮುಗಿದೀತೆಂದು ಲೆಕ್ಕ ಹಾಕಿದರು. ಹನ್ನೊಂದನೆಯ ದಿನ ಮಾರ್ಕೆಟ್ಟಿನಿಂದ ಎರಡು ಮೊಳ ಮೈಸೂರು ಮಲ್ಲಿಗೆ ತಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತರು. ಸರಗೂರಿನ ಬಸ್ಸುಗಳು ಒಂದಾದ ಮೇಲೊಂದು ಬಂದವು. ಇಳಿದವರೆಲ್ಲ ಬೇರೆಯವರ ಹೆಂಡತಿಯರು. ಹನ್ನೆರಡನೆಯ ದಿನ ಮತ್ತೆ ಎರಡು ಮೊಳ ಹೂವು. ಹದಿಮೂರನೆಯ ದಿನ ಹೂವಿನವಳೇ "ಇವತ್ತೂ ಬರ್ಲಿಲ್ವಾ ಸ್ವಾಮಿ?" ಎಂದು ಕೇಳಿದಾಗ ಅವರ ಕಣ್ಣು ತುಂಬಿಬಂತು. ಮಳೆ ಹೆಚ್ಚಾಗಿ ಹಳ್ಳ ಉಕ್ಕಿ ದಾರಿ ಕಟ್ಟಿಹೋಗಿದೆಯೋ ಏನೋ!

ಮರುದಿನ ಮಧ್ಯಾಹ್ನ ಏಕಾಂತಯ್ಯ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ರೈನ್‌ಕೋಟು ತೊಟ್ಟು, ಕೊಡೆ ಹಿಡಿದು ಮಾದನಹುಂಡಿಯಲ್ಲಿ ಇಳಿದರು. ಬಸ್ಸು ಎಬ್ಬಿಸಿದ ಧೂಳು ಕರಗಲು ಎರಡು ನಿಮಿಷ ಹಿಡಿಯಿತು. ಆಕಾಶ ಕಾದ ಹಂಚಿನಂತಿತ್ತು. ಅರಳಿಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ಅವರ ಬೂಟು ನೋಡಿದರು. ಅಲ್ಲೇ ಕುಳಿತಿದ್ದ ಮಹದೇವಪ್ರಸಾದ ಓಡಿಬಂದ.

"ಭಾವ! ಇದೇನ್ ಅವತಾರ?"

"ಮಳೆ ಕಣೋ... ಇಲ್ಲಿ ಜೋರು ಮಳೆ... ನಕ್ಷೇಲಿ ಪೂರಾ ನೀಲಿ ಇತ್ತು..."

"ಎಲ್ಲಿ ನೀಲಿ?"

"ಸರಗೂರು ಪಕ್ಕ, ಇಷ್ಟುದ್ದ."

ಮಹದೇವಪ್ರಸಾದ ಹಣೆ ಚಚ್ಚಿಕೊಂಡ. "ಅಯ್ಯೋ ಭಾವ, ಅದು ಕಬಿನಿ ಡ್ಯಾಮ್ ಕಣ್ರೀ!"

ಕಟ್ಟೆಯ ಮೇಲಿನವರು ನಕ್ಕ ಸದ್ದಿಗೆ ಎದುರಿನ ಮನೆಯಿಂದ ಪ್ರೇಮಲೀಲಾ ಹೊರಗೆ ಬಂದರು. ಐವತ್ತು ದಿನದ ಮೇಲೆ ಕಂಡ ಹೆಂಡತಿ ಸ್ವಲ್ಪ ಕಪ್ಪಾಗಿದ್ದರು, ಸೊರಗಿದ್ದರು. ಏಕಾಂತಯ್ಯ ಕೊಡೆ ಮಡಚಿದರು.

"ನಾಟಿ... ಮುಗೀಲಿಲ್ವಾ?"

"ಮುಗ್ದು ಇಪ್ಪತ್ತು ದಿನ ಆಯ್ತು. ಚಂದ್ರೀನೂ ಕೋಲೂರ್ಕೊಂಡು ಓಡಾಡ್ತಾಳೆ."

"ಮಳೇನೇ ಬಂದಿಲ್ಲ?"

"ಮೇಲೆ ಕೇರಳದಲ್ಲಿ ಹುಯ್ದು ಡ್ಯಾಮ್ ತುಂಬ್ತು, ನಾಲೇಲಿ ನೀರು ಬುಟ್ರು. ಮಳೆ ಯಾವನಿಗೆ ಬೇಕಾಗಿತ್ತು?"

"ಮತ್ತೆ ನೀನ್ಯಾಕೆ ಬರ್ಲಿಲ್ಲ?"

"ನಿಧಾನಕ್ಕೆ ಬಾ ಅಂದ್ರಲ್ಲ!" ಎಂದರು ಪ್ರೇಮಲೀಲಾ. "ಕರೆಯೋಕೆ ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ನಾನಿಲ್ಲಿ ಕಾಯ್ತಿದ್ರೆ, ನೀವಲ್ಲಿ ನಕ್ಷೆ ನೋಡ್ಕೊಂಡು ಕೂತಿದ್ರಾ?"

"ದಿನಾ ಹನ್ನೊಂದೂವರೆ ಬಸ್ಸಿಗೆ ಅಕ್ಕ ನಾಲೆ ಏರಿ ಮೇಲೆ ನಿಂತಿರ್ತಿದ್ಲು ಭಾವ. ಕೇಳಿದ್ರೆ, ಗಾಳಿಗೆ ಬಂದೆ ಅನ್ನೋಳು" ಎಂದ ಮಹದೇವಪ್ರಸಾದ.

"ಸುಮ್ನಿರೋ ನೀನು!"

ಇಡೀ ಅರಳಿಕಟ್ಟೆ ಕಿವಿ ನೆಟ್ಟಗೆ ಮಾಡಿಕೊಂಡಿತ್ತು. ರೈನ್‌ಕೋಟಿನೊಳಗೆ ಬೆವರಿನಿಂದ ತೊಯ್ದುಹೋಗಿದ್ದ ಏಕಾಂತಯ್ಯ ಕೊಡೆಯನ್ನೇ ಊರುಗೋಲಾಗಿ ಹಿಡಿದು, ಬಸ್‌ಸ್ಟ್ಯಾಂಡಿನಲ್ಲಿ ಗಂಟಲಲ್ಲೇ ಉಳಿದಿದ್ದ ಮಾತನ್ನು ಅಷ್ಟು ಜನರ ಮುಂದೆ ಹೊರಗೆ ಹಾಕಿದರು. "ನೀನಿಲ್ಲದೆ ಇರೋಕಾಗಲ್ಲ ಕಣೆ. ಹೊರಡು, ಮನೆಗೆ ಹೋಗೋಣ."

ಪ್ರೇಮಲೀಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದವರು, ಒಂದು ನಿಮಿಷವೂ ಆಗದೆ ಬ್ಯಾಗು ಹಿಡಿದು ಹೊರಗೆ ಬಂದರು. ಅದು ಇಪ್ಪತ್ತು ದಿನದಿಂದ ತುಂಬಿಕೊಂಡೇ ಕುಳಿತಿತ್ತು.

ಬಸ್ಸಿನಲ್ಲಿ ನಂಜನಗೂಡು ದಾಟುವವರೆಗೂ ಗಂಡನ ಭುಜಕ್ಕೊರಗಿ ಬಂದ ಪ್ರೇಮಲೀಲಾ, ಸಂಜೆ ಅಶೋಕಪುರಂನ ಮನೆ ಬಾಗಿಲು ತೆಗೆದು ನೇರ ಅಡುಗೆಮನೆಗೆ ನಡೆದರು. ಮನೆಯಲ್ಲಿದ್ದ ಪಾತ್ರೆ, ತಟ್ಟೆ, ಲೋಟ, ಸೌಟುಗಳೆಲ್ಲ ಉಂಡ ಗುರುತಿನೊಂದಿಗೆ ಸಿಂಕಿನಿಂದ ಹೊರಟು ನೆಲದ ಮೇಲೆ ಸಾಲುಗಟ್ಟಿ ಬಾಗಿಲಿನವರೆಗೆ ಬಂದಿದ್ದವು.

"ಏಳು ಗಂಟೆಗೆ ಸರಗೂರಿಗೆ ಇನ್ನೊಂದು ಬಸ್ಸಿದೆ" ಎಂದರು ಪ್ರೇಮಲೀಲಾ.

ಏಕಾಂತಯ್ಯ ಪಂಚೆ ಎತ್ತಿ ಕಟ್ಟಿ ಸಿಂಕಿನ ಮುಂದೆ ನಿಂತರು. ಪ್ರೇಮಲೀಲಾ ಸ್ಟೂಲ್ ಎಳೆದು ಕುಳಿತು, "ಅದು ಉಜ್ಜೋ ರೀತಿನಾ? ತಳ ನೋಡಿ, ತಳ! ನಿವೃತ್ತಿ ಆದ್ಮೇಲೆ ಕೈಗೂ ಪೆನ್ಷನ್ ಕೊಟ್ಬುಟ್ರಾ?" ಎಂದು ಶುರುಮಾಡಿದರು. ಬೈಗುಳ ಸುರಿಯುತ್ತಲೇ ಇತ್ತು. ಏಕಾಂತಯ್ಯನವರು ಉಜ್ಜಿದ ಪಾತ್ರೆಯನ್ನೇ ಮತ್ತೊಮ್ಮೆ ಉಜ್ಜುತ್ತಾ, ಆ ಬೈಗುಳ ಬೇಗ ಮುಗಿಯದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.